ಯುಫೋನಿಯಂಗೆ ನಾಲ್ಕು ಕಾಲು

ಈ ಜಗತ್ತಿನಲ್ಲಿ ಸ್ಥಿರವಾದದ್ದು ಯಾವುದೂ ಇಲ್ಲ. ಋಷಿಗಳು ಇದನ್ನು ತಪಸ್ಸು ಮಾಡಿ ಕಂಡುಕೊಂಡರಂತೆ. ನಾನು ಸ್ಟೇಷನ್ ರಸ್ತೆಯಲ್ಲಿ ಒಂದು ಸ್ಟ್ಯಾಂಡ್ ಕೊಂಡು ಕಂಡುಕೊಂಡೆ.

ನನ್ನ ಹೆಂಡತಿಯ ತಮ್ಮ ಶಿವಪ್ಪ ಟಿಕೋಟಾದ ಮದುವೆ ಬ್ಯಾಂಡಿನಲ್ಲಿ ಯುಫೋನಿಯಂ ಊದುತ್ತಾನೆ. (ಎದೆಗವಚಿಕೊಂಡು ಊದುವ ದೊಡ್ಡ ಹಿತ್ತಾಳೆ ವಾದ್ಯ. ಎಮ್ಮೆಕರುವನ್ನು ಎತ್ತಿಕೊಂಡಂತೆ ಕಾಣುತ್ತದೆ. ಕೇಳಿಸುವುದೂ ಸುಮಾರು ಹಾಗೆಯೇ.) ಮದುವೆ ಸೀಸನ್ ಮುಗಿಯುವವರೆಗೆ ವಾದ್ಯದ ಸಮೇತ ನಮ್ಮ ಮನೆಯಲ್ಲೇ ಠಿಕಾಣಿ. ಅದು ಆಗಲೇ ಉರುಳಿ ಬಿದ್ದು ತಗ್ಗಾಗಿತ್ತು. ಇನ್ನೊಮ್ಮೆ ಬಿತ್ತೋ, ಯುಫೋನಿಯಂ ಬೇರೆಯವರಿಗೆ, ನಿನ್ನ ಕೈಗೆ ಜಾಂಜ್ ಎಂದು ಬ್ಯಾಂಡಿನ ಮಾಲೀಕರು ಹೇಳಿಬಿಟ್ಟಿದ್ದರು. ಇಷ್ಟು ವರ್ಷ ಊದಿದವನು ಇನ್ನು ತಾಳ ಕುಟ್ಟುವುದೇ? ಶಿವಪ್ಪನಿಗೆ ಊಟ ಸೇರದಾಯಿತು.

ವಾದ್ಯ ಬೀಳದಂತೆ ನಿಲ್ಲಿಸಲು ಒಂದು ಸ್ಟ್ಯಾಂಡ್ ತರೋಣವೆಂದು ನಾನು ಹೊರಟೆ. ಅಂಗಡಿಯಲ್ಲಿ ಮೂರು ಕಾಲಿನದೂ ಇತ್ತು, ನಾಲ್ಕು ಕಾಲಿನದೂ ಇತ್ತು. ಮಂಚಕ್ಕೆಷ್ಟು ಕಾಲು? ಎಮ್ಮೆಗೆಷ್ಟು? ನಾನು ಗಂಭೀರವಾಗಿ ಯೋಚಿಸಿ ನಾಲ್ಕಕ್ಕೆ ಮತ ಹಾಕಿದೆ. ಅಂಗಡಿಯ ಟೈಲ್ಸ್ ಮೇಲೆ ಅದು ಗುಮ್ಮಟದ ಹಾಗೆ ನಿಂತಿತು.

ನಮ್ಮ ಮನೆಯದು ಹಳೇ ಪರಸಿ ನೆಲ. ಒಂದು ಕಲ್ಲು ಏರಿದ್ದರೆ ಪಕ್ಕದ್ದು ಇಳಿದಿದೆ. ಸ್ಟ್ಯಾಂಡಿನ ಒಂದು ಕಾಲು ಸದಾ ಗಾಳಿಯಲ್ಲಿ. ಅಡುಗೆಮನೆಯಲ್ಲಿ ಹೆಂಡತಿ ರೊಟ್ಟಿ ಬಡಿದರೆ ಹಾಲ್‌ನಲ್ಲಿ ಯುಫೋನಿಯಂ ತಲೆದೂಗುತ್ತಿತ್ತು. ಕಾಲಿನಡಿ ಪೇಪರ್ ಮಡಚಿಟ್ಟೆವು. (ಹೌದು, ಈ ಅಂಕಣ ಬಂದ ಪುಟವನ್ನೇ.) ಕೂತರೆ ಎದ್ದು ನೋಡಬೇಕು, ನೋಡಿ ಬಂದು ಕೂತರೆ ಮತ್ತೆ ಏಳಬೇಕು. ಟೀವಿಯಲ್ಲಿ ಯಾರು ಗೆದ್ದರು, ಯಾರು ಸೋತರು, ಒಂದೂ ತಿಳಿಯಲಿಲ್ಲ.

ಮನೆಯಲ್ಲಿ ಟೈಲ್ಸ್ ಇರುವುದು ದೇವರ ಕೋಣೆಗೆ ಮಾತ್ರ. ಇಬ್ಬರೂ ಕೂಡಿ ಸ್ಟ್ಯಾಂಡು, ವಾದ್ಯ ಎರಡನ್ನೂ ಅಲ್ಲಿಗೆ ಹೊತ್ತೆವು. ನನ್ನ ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಬಾಯಿ ಹಚ್ಚಿ ಊದೂದು ಎಂಜಲ ಅಲ್ಲೇನ? ಅದನ್ನ ಒಯ್ದು ದೇವರ ಮುಂದ ಇಡತೀರಿ?"

ಶಿವಪ್ಪ ತಡಮಾಡದೆ ತುಟಿಗಿಟ್ಟು ಊದುವ ಮೌತ್‌ಪೀಸ್ ಕಳಚಿ ತೋರಿಸಿದ. "ಅತ್ತಿ, ಎಂಜಲ ಆಗೂದು ಇದಷ್ಟರಿ. ಉಳದದ್ದು ನಿಮ್ಮ ಕೊಡ ಇದ್ದಂಗ, ಬರೇ ಹಿತ್ತಾಳಿ."

ಮೌತ್‌ಪೀಸ್ ಹಿತ್ತಲ ಕಿಟಕಿಗೆ ಹೋಯಿತು. ಉಳಿದದ್ದು ದೇವರ ಕೋಣೆಗೆ. ಮರುದಿನದಿಂದ ಅವ್ವ ಅದಕ್ಕೂ ವಿಭೂತಿ ಹಚ್ಚಿ ಹೂ ಏರಿಸತೊಡಗಿದಳು. ಸ್ಟ್ಯಾಂಡ್ ಕೂದಲೆಳೆಯಷ್ಟೂ ಅಲುಗಲಿಲ್ಲ. ನಾನು ಕೂತು ಚಹಾ ಕುಡಿದೆ.

ಮೊನ್ನೆ ಬಬಲೇಶ್ವರದಲ್ಲಿ ಮದುವೆ. ಶಿವಪ್ಪ ಸ್ನಾನ ಮಾಡಿ, ದೇವರ ಕೋಣೆಯಿಂದ ವಾದ್ಯವನ್ನು ಕೂಸಿನಂತೆ ಎತ್ತಿಕೊಂಡು, ಅವ್ವನ ಕಾಲಿಗೆ ನಮಸ್ಕರಿಸಿ ಹೊರಟ. ಹೊಸ ತಗ್ಗು ಒಂದೂ ಇಲ್ಲ ಎಂದು ಮಾಲೀಕರು ಎಲ್ಲರೆದುರು ಬೆನ್ನು ತಟ್ಟಿದರಂತೆ.

ಮೌತ್‌ಪೀಸ್ ನಮ್ಮ ಕಿಟಕಿಯಲ್ಲೇ ಇತ್ತು. ಮೆರವಣಿಗೆಯಲ್ಲಿ ಶಿವಪ್ಪ ಜಾಂಜ್ ಬಾರಿಸಿದ.