ಆರು ಗಂಟೆ ಅತ್ತೆ

ನನ್ನ ಸೋದರತ್ತೆಗೆ ಕೆಲಸದ ಕಡೆ ಇಟ್ಟ ಅಡ್ಡಹೆಸರು 'ಆರು ಗಂಟೆ'. ಇಟ್ಟವರಿಗೆ ಅದು ಗೇಲಿ, ಅವಳಿಗೆ ಬಿರುದು.

ಆಪರೇಷನ್ನಿಗಾಗಿ ಹೃದಯವನ್ನೇ ನಿಲ್ಲಿಸುತ್ತಾರಲ್ಲ, ಆಗ ರಕ್ತಕ್ಕೆ ಆಮ್ಲಜನಕ ಸೇರಿಸುವುದು ಚೊಂಬಿನಷ್ಟು ದೊಡ್ಡ ಒಂದು ಪ್ಲಾಸ್ಟಿಕ್ ಡಬ್ಬಿ. ಅದೇ ಕೃತಕ ಶ್ವಾಸಕೋಶ. ಅದನ್ನು ತಯಾರಿಸುವ ಕಾರ್ಖಾನೆಯಲ್ಲಿ ಪ್ರತಿ ಬ್ಯಾಚಿನಿಂದ ಒಂದು ಡಬ್ಬಿ ತೆಗೆದು, ಕಸಾಯಿಖಾನೆಯಿಂದ ತಂದ ರಕ್ತವನ್ನು ಮೈಬಿಸಿಗೆ ಕಾಯಿಸಿ, ಅದರೊಳಗೆ ಆರು ಗಂಟೆ ಕಾಲ ಹರಿಸಿ ನೋಡುವುದು ಅತ್ತೆಯ ಕೆಲಸ. ಕಪ್ಪಗೆ ಒಳಹೋದ ರಕ್ತ ಕೆಂಪಗೆ ಹೊರಬರಬೇಕು. ಅವಳು ಸಹಿ ಹಾಕಿದರೆ ಮಾತ್ರ ಉಳಿದ ಡಬ್ಬಿಗಳು ಆಸ್ಪತ್ರೆಗೆ ಹೋಗುತ್ತವೆ.

ಅವತ್ತು ನಲವತ್ತು ಡಬ್ಬಿ ತುಂಬಿಕೊಳ್ಳಲು ವ್ಯಾನ್ ಬಾಗಿಲಲ್ಲೇ ನಿಂತಿತ್ತು. ಪರೀಕ್ಷೆ ಶುರುವಾಗಿ ನಾಲ್ಕು ಗಂಟೆಯಾಗಿತ್ತಷ್ಟೆ, ಮ್ಯಾನೇಜರ್ ಹಾಜರ್.

"ಎಲ್ಲಾ ಚೆನ್ನಾಗೇ ಇದೆಯಲ್ಲಮ್ಮ, ನಿಲ್ಲಿಸಿಬಿಡಿ. ಎಷ್ಟೋ ಆಪರೇಷನ್ ಮೂರು ಗಂಟೇಲಿ ಮುಗಿಯುತ್ತೆ."

"ಆರು ಗಂಟೆ ಹಿಡಿಯೋ ಪೇಷಂಟಿಗೆ ಏನ್ ಹೇಳ್ಲಿ ಸಾರ್? ಎದ್ದು ಮನೆಗೆ ಹೋಗಪ್ಪಾ ಅನ್ಲಾ?"

ಆರನೇ ಗಂಟೆ ತುಂಬುವ ಹೊತ್ತಿಗೆ ಹೊರಬರುವ ರಕ್ತ ಮಂಕಾಯಿತು. ಅತ್ತೆ ಸಿರಿಂಜಿನಲ್ಲಿ ಸ್ವಲ್ಪ ತೆಗೆದು ಅಳೆಯುವ ಯಂತ್ರಕ್ಕೆ ಕೊಟ್ಟಳು. ಆಮ್ಲಜನಕದ ಒತ್ತಡ ಅರವತ್ತೆಂಟು. ನೂರಕ್ಕಿಂತ ಕೆಳಗಿಳಿದರೆ ಇಡೀ ಬ್ಯಾಚ್ ಮೂಲೆಗೆ. ಮ್ಯಾನೇಜರ್ ಮುಖ ಗಂಟಿಕ್ಕಿಕೊಂಡು ತಾನೇ ಇನ್ನೊಂದು ಸಿರಿಂಜ್ ಹಿಡಿದ. ಅವನು ತೆಗೆದ ಮಾದರಿಗೆ ಬಂದದ್ದು ನೂರ ಹತ್ತು.

"ನೋಡಿ! ನಿಮ್ಮ ಕೈಯೇ ಸರಿಯಿಲ್ಲ."

ಅತ್ತೆ ಅವನ ಸಿರಿಂಜನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಳಗೆ ಕಡಲೆಕಾಳಿನಷ್ಟು ದೊಡ್ಡ ಗಾಳಿಗುಳ್ಳೆ. ಗುಳ್ಳೆಯನ್ನು ಹೊರಹಾಕದೆ ಅಳೆದರೆ ಅದರ ಆಮ್ಲಜನಕವೂ ರಕ್ತಕ್ಕೆ ಸೇರಿ ಅಂಕಿ ಏರುತ್ತದೆ. ಆ ಕೋಣೆಯಲ್ಲಿ ಕೆಲಸ ಕಲಿಯುವವರಿಗೆ ಇದು ಮೊದಲ ದಿನದ ಪಾಠ.

"ನೀವು ಅಳೆದಿರೋದು ಈ ರೂಮಿನ ಗಾಳೀನ ಸಾರ್, ಶ್ವಾಸಕೋಶಾನ ಅಲ್ಲ."

"ಸಹಿ ಹಾಕದಿದ್ರೆ ನಾಳೆಯಿಂದ ಬರೋದೇ ಬೇಡ!"

ಆ ಕೆಲಸ ಬಿಟ್ಟರೆ ಅತ್ತೆಗೆ ಬೇರೆ ಆಸರೆಯಿರಲಿಲ್ಲ. ನಾನಾಗಿದ್ದರೆ ಸಹಿ ಗೀಚಿಬಿಡುತ್ತಿದ್ದೆ. ಅವಳು ಹಾಳೆಯಲ್ಲಿ ಎರಡೂ ಅಂಕಿಗಳನ್ನು ಬರೆದಳು. ಅರವತ್ತೆಂಟರ ಪಕ್ಕ ತನ್ನ ಸಹಿ ಹಾಕಿದಳು. ನೂರ ಹತ್ತರ ಪಕ್ಕ 'ಗಾಳಿಗುಳ್ಳೆ ಇದ್ದ ಮಾದರಿ' ಎಂದು ಬರೆದು ಪೆನ್ನನ್ನು ಅವನತ್ತ ಚಾಚಿದಳು.

"ಇದು ನೀವು ತೆಗೆದಿದ್ದು, ನೀವೇ ಸಹಿ ಹಾಕಿ. ವ್ಯಾನ್ ಹೋಗ್ಲಿ."

ಅವನು ಪೆನ್ನು ಮುಟ್ಟಲಿಲ್ಲ. ವ್ಯಾನ್ ಖಾಲಿ ಹೋಯಿತು.

ಮರುದಿನ ಅತ್ತೆ ಎಂದಿಗಿಂತ ಹತ್ತು ನಿಮಿಷ ಮುಂಚೆಯೇ ಹೊರಟು ನಿಂತಳು.

"ಬರಬೇಡ ಅಂದಿದಾರಲ್ಲ ಅತ್ತೆ?" ಎಂದೆ.

ಚಪ್ಪಲಿ ಮೆಟ್ಟುತ್ತ ಹೇಳಿದಳು: "ಅದನ್ನೂ ಬರೆದು ಸಹಿ ಹಾಕಿ ಕೊಡ್ಲಿ, ಆಗ ನೋಡೋಣ."