ಹನ್ನೊಂದು ಮೀಟರಿನ ಚುಕ್ಕಿ

ಸೂರ್ಯ ಇನ್ನೂ ಮೂಡಿಲ್ಲ. ಬೀಗ ಜಡಿದ ಫುಟ್‌ಬಾಲ್ ಮೈದಾನದೊಳಗೆ ಒಬ್ಬರು ಹಿಂದಹಿಂದಕ್ಕೆ ನಡೆಯುತ್ತಿದ್ದಾರೆ. ಕೈಯಲ್ಲಿ ತೂತು ಡಬ್ಬ, ಅದರ ತುಂಬ ಸುಣ್ಣದ ಪುಡಿ. ಮುಂದಕ್ಕೆ ನಡೆದರೆ ತಾನೆಳೆದ ಗೆರೆಯನ್ನು ತಾನೇ ತುಳಿದಂತಾಗುತ್ತದೆ, ಅದಕ್ಕೇ ಈ ನಡಿಗೆ. ಇಪ್ಪತ್ತಾರು ವರ್ಷಗಳಿಂದ ಇವರು ಎಲ್ಲರ ಬಾಯಲ್ಲಿ ಗೆರೆಯಣ್ಣ. ಸಂಬಳದ ದಿನ ಗುಮಾಸ್ತರು ನಿಜವಾದ ಹೆಸರು ಕೂಗಿದರೆ, ಅದ್ಯಾರಪ್ಪ ಎಂದು ಇವರೇ ಒಮ್ಮೆ ಹಿಂತಿರುಗಿ ನೋಡುತ್ತಾರಂತೆ.

ಗೆರೆಗಳೇನೋ ಅಚ್ಚುಕಟ್ಟು. ಆಡಲು ಮಾತ್ರ ಒಂದು ನರಪಿಳ್ಳೆಯೂ ಇಲ್ಲ.

ಎರಡು ವರ್ಷದ ಹಿಂದೆ ಇಲ್ಲಿ ಅಕಾಡೆಮಿ ಕಟ್ಟಲು ಸರ್ಕಾರದ ಅನುದಾನ ಮಂಜೂರಾಯಿತು. ಮೊದಲ ಕಂತಿನಲ್ಲಿ ಕಾಂಪೌಂಡು, ಭಾರಿ ಗೇಟು, ಅರ್ಧ ಹಾಸ್ಟೆಲ್ಲು ಎದ್ದವು. ಕಾಮಗಾರಿ ಮುಗಿಯುವವರೆಗೆ ಯಾರೂ ಕಾಲಿಡಕೂಡದೆಂದು ಮಕ್ಕಳನ್ನು ಹೊರಗೆ ಕಳಿಸಿದರು. ಎರಡನೇ ಕಂತು ಬರಬೇಕಾದರೆ ತಪಾಸಣೆಯವರು ಬಂದು, ಮೈದಾನ ಸುಸ್ಥಿತಿಯಲ್ಲಿದೆ ಎಂದು ಬರೆದುಕೊಡಬೇಕು. ಆರು ಸಲ ದಿನ ಗೊತ್ತುಮಾಡಿ ಆರೂ ಸಲ ಮುಂದೆ ಹಾಕಿದ್ದಾರೆ. ಯಾವತ್ತು ಬಂದಾರೋ ದೇವರೇ ಬಲ್ಲ! ಹಾಗಾಗಿ ಇಬ್ಬನಿ ಕಲಸಿದ್ದನ್ನು, ನಾಯಿಗಳು ತುಳಿದದ್ದನ್ನು ಗೆರೆಯಣ್ಣ ದಿನವೂ ತಿದ್ದುತ್ತಾರೆ. ಮೂರು ಗಂಟೆ ಕೆಲಸ, ಮೂರು ಬಕೆಟ್ ಸುಣ್ಣ, ಒಂದೂ ಮಾತಿಲ್ಲ.

"ಮೊದ್ಲು ಹುಡುಗರ ಗಲಾಟೆಗೆ ತಲೆ ಚಿಟ್ಟು ಹಿಡೀತಿತ್ತು ಸಾರ್. ಗೆರೆ ತುಳೀಬೇಡ್ರೋ ಅಂತ ಬೈದೂ ಬೈದೂ ಗಂಟಲು ಒಣಗ್ತಿತ್ತು. ಈಗ ಬೈಯೋಕೂ ಒಬ್ರಿಲ್ಲ."

ಮನೆಯಲ್ಲೂ ಅಷ್ಟೇ. ಹೆಂಡತಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಯಾ. ನಸುಕಿಗೇ ಪಾಳಿ ಮುಗಿಸಿ ಅವರು ಮೆಟ್ಟಿಲು ಹತ್ತುವಾಗ ಇವರು ಇಳಿಯುತ್ತಾರೆ. ಆ ನಡುವೆ ಸಿಗುವ ಅರ್ಧ ನಿಮಿಷದಲ್ಲಿ ಆಕೆ ಛೇಡಿಸದೆ ಬಿಡುವುದಿಲ್ಲ: "ಹೊರಟ್ರಾ, ಆಡೋರಿಲ್ಲದ ಮೈದಾನಕ್ಕೆ ರಂಗೋಲಿ ಹಾಕೋಕೆ?" ದಿನದಲ್ಲಿ ಇವರ ಕಿವಿಗೆ ಬೀಳುವ ಮಾತು ಹೆಚ್ಚುಕಡಿಮೆ ಅಷ್ಟೇ.

ಪೆನಾಲ್ಟಿ ಚುಕ್ಕಿಯ ಬಳಿ ಬಂದಾಗ ಗೆರೆಯಣ್ಣ ಮಂಡಿಯೂರುತ್ತಾರೆ. ಗೋಲು ಗೆರೆಯಿಂದ ಇಲ್ಲಿಗೆ ಹನ್ನೊಂದು ಮೀಟರ್. ಈಗ ಸ್ಟೀಲ್ ಟೇಪಿದೆ, ಆದರೂ ಮೂರು ಸಲ ಅಳೆಯುತ್ತಾರೆ. ಮೊದಲು ಗಂಟು ಹಾಕಿದ ಹತ್ತಿ ಹಗ್ಗದಲ್ಲಿ ಅಳೆಯುತ್ತಿದ್ದರು. ಒಂದು ಮಳೆಗಾಲದಲ್ಲಿ ಹಗ್ಗ ನೆನೆದು, ಗೊತ್ತಾಗದ ಹಾಗೆ ಒಂದು ಮೊಳ ಕುಗ್ಗಿತು. ಆ ಹತ್ತಿರದ ಚುಕ್ಕಿಯಿಂದಲೇ ಹೆಣ್ಣುಮಕ್ಕಳ ತಂಡ ತಿಂಗಳುಗಟ್ಟಲೆ ಒದ್ದು ಕಲಿಯಿತು. ಹೊರಗಿನ ಮೈದಾನದ ಫೈನಲ್‌ನಲ್ಲಿ, ಪೂರಾ ಹನ್ನೊಂದು ಮೀಟರಿನಿಂದ, ಕೊನೆಯ ಒದೆತ ಗುಬ್ಬಿಯದು. ತಂಡದಲ್ಲಿ ಎಲ್ಲರಿಗಿಂತ ಪುಟ್ಟವಳಾದ್ದರಿಂದ ಅವಳಿಗೆ ಆ ಹೆಸರು. ಚೆಂಡು ನೇರ ಗೋಲ್‌ಕೀಪರ್ ಕೈಗೆ ಹೋಯಿತು.

"ಬಸ್ಸಲ್ಲಿ ಒಬ್ರೂ ಅವಳ ಪಕ್ಕ ಕೂರ್ಲಿಲ್ಲ ಸಾರ್. ವಾಪಸ್ ಬಂದು ಯಾಕೋ ಅನುಮಾನ ಬಂದು ಹಗ್ಗ ಅಳೆದೆ. ಒಂದು ಮೊಳ ಕಮ್ಮಿ! ನಾಳೆ ಹೇಳಿದ್ರಾಯ್ತು ಅಂದ್ಕೊಂಡೆ, ಬಾಯೇ ಬರ್ಲಿಲ್ಲ. ಅಷ್ಟರಲ್ಲಿ ಗೇಟು ಮುಚ್ಚಿದ್ರು. ಗುಬ್ಬಿ ಮನೆಯವರೂ ಬಾಡಿಗೆ ಮನೆ ಖಾಲಿ ಮಾಡಿ ಎಲ್ಲೋ ಹೋದ್ರು."

ಎರಡನೇ ಕಂತು ಬಂದರೆ ಈ ಹುಲ್ಲು ಕಿತ್ತು ಕೃತಕ ಹಾಸು ಹಾಸುತ್ತಾರೆ. ಗೆರೆ, ಚುಕ್ಕಿ ಎಲ್ಲ ಅದರಲ್ಲೇ ಕೂಡಿ ಬರುತ್ತವೆ. ಆಮೇಲೆ ಸುಣ್ಣವೂ ಬೇಡ, ಗೆರೆಯಣ್ಣನೂ ಬೇಡ. ಇಂಜಿನಿಯರು ಇದನ್ನು ಮುಖಕ್ಕೇ ಹೇಳಿದ್ದಾರೆ. ಅಂದರೆ ಈ ಮನುಷ್ಯ ದಿನಾ ಬೆಳಗ್ಗೆ ತನ್ನ ಕೆಲಸ ಹೋಗಲೆಂದೇ ಬೆವರು ಸುರಿಸುತ್ತಿದ್ದಾರೆ. ಗೊತ್ತಿದ್ದೂ ಯಾಕೆ ಎಂದು ಕೇಳಿದರೆ ಕೈಗಂಟಿದ ಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆ.

"ಅಕಾಡೆಮಿ ಶುರುವಾದ್ರೆ ಆಯ್ಕೆಗೆ ಎಲ್ಲ ಕಡೆಯಿಂದ ಮಕ್ಕಳು ಬರ್ತಾರಂತೆ. ಗುಬ್ಬಿಗೆ ಈಗ ಹದಿನಾರು. ಬಂದೇ ಬರ್ತಾಳೆ ಸಾರ್, ಅವಳ ಕಾಲು ಸುಮ್ನೆ ಕೂರೋ ಕಾಲಲ್ಲ. ಅಷ್ಟೊತ್ತಿಗೆ ನನ್ನ ಒಳಗೆ ಬಿಡ್ದೇ ಇರಬಹುದು. ಬೇಡ ಬಿಡಿ, ಗೇಟಿನ ಹತ್ರಾನೇ ನಿಂತಿರ್ತೀನಿ. ಅವತ್ತಿನ ತಪ್ಪು ನಿಂದಲ್ಲ ಕಣವ್ವಾ, ನನ್ನ ಹಗ್ಗದ್ದು ಅಂತ ಒಂದು ಮಾತು ಹೇಳ್ಬಿಟ್ರೆ ಸಾಕು."