ಕೊಸರು ಕೇಳಿದ ಆಚಾರ್ ಸರ್

ಜಗತ್ತು ಬದಲಾಗುತ್ತಿದೆ, ಅದಕ್ಕೆ ತಕ್ಕಂತೆ ಶಾಲೆಯೂ ಬದಲಾಗದಿದ್ದರೆ ಮುಂದಿನ ಪೀಳಿಗೆ ನಮ್ಮನ್ನು ಕ್ಷಮಿಸುವುದಿಲ್ಲ. ಈ ಮಾತನ್ನು ನಾನು ಮೊದಲ ಸಲ ಕೇಳಿದ್ದು ಹಾನಗಲ್ಲಿನ ಶಿಕ್ಷಕರ ತರಬೇತಿಯಲ್ಲಿ, ಎರಡನೆಯ ಸಲ ಅದೇ ತರಬೇತಿಯಲ್ಲಿ, ಊಟವಾದ ಮೇಲೆ. ಎರಡನೆಯ ಸಲ ಅರ್ಧ ಸಭೆ ನಿದ್ದೆಯಲ್ಲಿತ್ತು, ಉಳಿದರ್ಧ ಬಸ್ಸಿನ ಚಿಂತೆಯಲ್ಲಿತ್ತು. ಎಚ್ಚರವಾಗಿ ಕೂತು, ಹೇಳಿದ್ದನ್ನೆಲ್ಲ ನಿಜವೆಂದು ನಂಬಿದವರು ಒಬ್ಬರೇ. ಅವರು ನಮ್ಮ ಚಿಕ್ಕೇರೂರು ಹೈಸ್ಕೂಲಿನ ಗಣಿತದ ಮಾಸ್ತರರು, ಗುಂಡಾಚಾರ್ಯರು. ಊರಿಗೆಲ್ಲ ಆಚಾರ್ ಸರ್.

ಆ ತರಬೇತಿ ತಂದ ಹೊಸ ವಿಷಯವಾದ ಉದ್ಯಮಶೀಲತೆಯ ಪಾಠವನ್ನು ಇಂಥವರಿಗೆ ಒಪ್ಪಿಸಿದ್ದು ಎಂಥ ತಮಾಷೆ ಎಂದು ತಿಳಿಯಬೇಕಾದರೆ ಅವರ ಸ್ಕೂಟರಿನ ವಿಷಯ ಮೊದಲು ಹೇಳಬೇಕು. ಒಮ್ಮೆ ಅದನ್ನು ಮಾರಲು ನಿರ್ಧರಿಸಿದರು. ಬಂಕಾಪುರದಿಂದ ಒಬ್ಬ ತರುಣ ನೋಡಲು ಬಂದ. ಆಚಾರ್ ಸರ್ ಗಾಡಿಯ ಸುತ್ತ ಪ್ರದಕ್ಷಿಣೆ ಹಾಕುತ್ತ ವಿವರಿಸಿದರು: "ಎರಡನೇ ಗೇರ್ ಬೀಳೂದಿಲ್ಲ. ಹಿಂದಿನ ಬ್ರೇಕ್ ಅದ, ಮುಂದಿನದು ಇಲ್ಲ. ಚಲೋ ಓಡ್ತದ, ಆದರ ರಸ್ತೆ ಇಳಿಜಾರ ಇರಬೇಕು." ಆ ತರುಣ ಕೊನೆಗೆ ಕೈ ಮುಗಿದು, "ಸರ, ನೀವು ಗಾಡಿ ಮಾರಾಕತ್ತೀರೋ, ಬೈಯಾಕತ್ತೀರೋ?" ಎಂದ. ಅಷ್ಟಾದರೂ ಆತ ಕೊಂಡ. ಅವನಿಗೆ ಹೊಸ ಟೈರು ಆಚಾರ್ ಸರ್ ತಾವೇ ಕೊಡಿಸಿದರು. ಆಮೇಲೆ ನಡೆದುಕೊಂಡು ಶಾಲೆಗೆ ಬರತೊಡಗಿದರು.

ಅವರ ಮನೆತನ ಸವಣೂರಿನದು, ತಲೆತಲಾಂತರದಿಂದ ಶಾಸ್ತ್ರ ಓದಿಕೊಂಡವರದು. ಅಜ್ಜನವರು ಪಾಠ ಹೇಳಿದ್ದಕ್ಕೆ ಬಂದ ದಕ್ಷಿಣೆಯನ್ನು ನೋಡುತ್ತಲೂ ಇರಲಿಲ್ಲವಂತೆ. ಕೊಡುವವರು ತಟ್ಟೆಯಲ್ಲಿಟ್ಟು ಮೆಲ್ಲಗೆ ಸರಿದುಹೋಗಬೇಕಿತ್ತಂತೆ. ಮೊಮ್ಮಗನಿಗೆ ಅಜ್ಜನ ಶಾಸ್ತ್ರಗಳು ಬರಲಿಲ್ಲ, ಈ ಒಂದು ಗುಣ ಪೂರ್ತಿ ಬಂತು. ರೊಕ್ಕದ ಮಾತು ಬಂದರೆ ಅವರ ವಾಕ್ಯ ಅರ್ಧಕ್ಕೇ ನಿಲ್ಲುತ್ತಿತ್ತು. "ಇದಕ್ಕ ಮತ್ತ..." ಎಂದು ಆಕಾಶ ನೋಡುತ್ತ ನಿಲ್ಲುವರು. ಉಳಿದರ್ಧವನ್ನು ಎದುರಿನವನೇ ತನ್ನ ಅನುಕೂಲಕ್ಕೆ ತಕ್ಕಂತೆ ಪೂರೈಸಿಕೊಳ್ಳುತ್ತಿದ್ದ. ಸಂಕೋಚವೆನಿಸಿದ ಎಲ್ಲ ಮಾತಿನಲ್ಲೂ ಅವರದು ಇದೇ ರೀತಿ.

ಉದ್ಯಮಶೀಲತೆಯ ಅವಧಿ ಯಾರಿಗೆ ಎಂಬ ಪ್ರಶ್ನೆ ಸ್ಟಾಫ್ ರೂಮಿನಲ್ಲಿ ಬಂದಾಗ ನಾವೆಲ್ಲ ನಮ್ಮ ನಮ್ಮ ವಿಷಯಗಳ ಘನತೆಯನ್ನು ನೆನೆದುಕೊಂಡೆವು. ನಾನು ಹಳಗನ್ನಡ ಇನ್ನೂ ಮುಗಿದಿಲ್ಲವೆಂದೆ. ಅದು ಯಾವ ವರ್ಷವೂ ಮುಗಿಯುತ್ತಿರಲಿಲ್ಲ. ಆಚಾರ್ ಸರ್ ಮಾತ್ರ, "ಯಾರೂ ತಗೊಳ್ಳಿಲ್ಲಂದ್ರ ನಾ ಕಲತು ಕಲಸ್ತೀನ್ರೀ" ಎಂದರು. ಹೆಡ್‌ಮಾಸ್ತರು ಅವರ ಮನಸ್ಸು ಬದಲಾಗುವ ಮೊದಲೇ ವೇಳಾಪಟ್ಟಿಯಲ್ಲಿ ಬರೆದುಬಿಟ್ಟರು.

ಕಲಿಯಲು ಅವರು ಹೋದದ್ದು ಸಂತೆಗೆ. ಒಂಬತ್ತನೆಯ ತರಗತಿಯ ಮಕ್ಕಳನ್ನು ಕಟ್ಟಿಕೊಂಡು, ಕಾಯಿಪಲ್ಲೆಯ ಸಾಲಿನ ಎದುರು ಕೂತು, ಏನೂ ಕೊಳ್ಳದೆ ನೋಡುತ್ತಿದ್ದರು. ಮಾರುವ ಹೆಂಗಸರಿಗೆ ಇದು ಮೊದಮೊದಲು ಜನಗಣತಿಯಂತೆ ಕಂಡಿತು. "ಏನ ಬರಕೊಳ್ಳಾಕ ಬಂದೀರಿ ಸರ?" ಎಂದು ಒಬ್ಬಾಕೆ ಕೇಳಿದಳು. "ಬರಕೊಳ್ಳಿಕ್ಕಲ್ಲವಾ, ನಿಮ್ಮ ಹತ್ರ ಕಲೀಲಿಕ್ಕೆ ಬಂದೇವಿ." ಆಕೆ ಪಕ್ಕದವಳಿಗೆ, "ಇವರಿಗೆ ಪಗಾರ ಕೊಟ್ಟು ನಮ್ಮ ಹತ್ರ ಕಳಸ್ಯಾರ ನೋಡವಾ" ಎಂದಳು.

ಅಲ್ಲಿ ಆಚಾರ್ ಸರ್ ಕಂಡುಹಿಡಿದದ್ದು ಕೊಸರನ್ನು. ತೂಕ ಮುಗಿದ ಮೇಲೆ ಗಿರಾಕಿ ಚೀಲ ಹಿಡಿದೇ ನಿಂತಿರುತ್ತಾನೆ. ಮಾರುವಾಕೆ ಗೊಣಗುತ್ತ ಇನ್ನೊಂದು ಹಿಡಿ ಮೆಣಸಿನಕಾಯಿ ಹಾಕುತ್ತಾಳೆ. ನಾವು ಹುಟ್ಟಿದಾಗಿನಿಂದ ನೋಡಿದ್ದೇ. ಆಚಾರ್ ಸರ್‌ಗೆ ಮಾತ್ರ ಅದು ಪ್ರಮೇಯದಂತೆ ಹೊಳೆಯಿತು. ಮರುದಿನ ಬೋರ್ಡಿನ ಮೇಲೆ ಬರೆದು ವಿವರಿಸಿದರು: "ತೂಕ ಅಂದ್ರ ಕರಾರು. ಕೊಸರು ಅಂದ್ರ ಸಂಬಂಧ. ತೂಕದಾಗ ಮೋಸ ಮಾಡಬಾರದು, ಕೊಸರಿನ್ಯಾಗ ಲೆಕ್ಕ ಇಡಬಾರದು. ಮುಗೀತು ನಿಮ್ಮ ಉದ್ಯಮಶೀಲತಾ." ನಿಜಕ್ಕೂ ಅಲ್ಲಿಗೇ ಮುಗಿದಿದ್ದರೆ ಒಳ್ಳೆಯದಿತ್ತು. ಆದರೆ ಅವರಿಗೆ ರೇಖಾ ಎಂಬ ವಿದ್ಯಾರ್ಥಿನಿ ಇದ್ದಳು.

ಶಾಲೆಯ ಹಿಂದೆ ಬಾವಿಕಟ್ಟೆಯ ಪಕ್ಕದಲ್ಲಿ ಮಕ್ಕಳು ಟ್ರೇಗಳಲ್ಲಿ ಮೆಣಸಿನ ಸಸಿ ಬೆಳೆಸಿ ಮಾರಬೇಕೆಂದು ನಿರ್ಧಾರವಾಯಿತು. ಉಳಿದವರ ಟ್ರೇಗಳಲ್ಲಿ ಸಸಿಗಳು ಹಾಜರಿ ಹಾಕಿ ಹೋಗುವವರಂತೆ ಬಂದು ಬಾಡಿದವು. ರೇಖಾಳ ಟ್ರೇಗಳು ಒಂದೇ ಸಮ ಹಸಿರಾದವು. ಒಯ್ಯುವಾಗ ಬೇರು ಒಣಗದಂತೆ ಒದ್ದೆ ಗೋಣಿ ಸುತ್ತಿ ಕೊಡುತ್ತಿದ್ದಳು. ನಾಟಿಯಲ್ಲಿ ಒಂದಷ್ಟು ಸತ್ತೇ ಸಾಯುತ್ತವೆಂದು ಮೇಲೆ ಒಂದು ಹಿಡಿ ಸಸಿ ಕೊಸರು ಇಡುತ್ತಿದ್ದಳು. ಅವಳಿಗೊಂದು ಪ್ರಶ್ನೆ ಬೇರೆ ಇತ್ತು: ಮೆಣಸಿನ ಎಲೆ ಯಾಕೆ ಮುರುಟುತ್ತದೆ? ಗಣಿತದ ಮಾಸ್ತರರಿಗೆ ಅದು ಗೊತ್ತಿರಲಿಲ್ಲ. "ಧಾರವಾಡದಾಗ ಇದನ್ನ ಕಲಸೋ ಕಾಲೇಜ ಅದವಾ. ಹತ್ತನೇದು ಚಂದಾಗಿ ಪಾಸ್ ಮಾಡು, ಪಿಯುಸಿ ಮಾಡು, ಅಲ್ಲಿ ಹೋಗು. ಕಲತು ಬಂದು ನನಗೂ ಹೇಳು" ಎಂದರು. ಅಂದಿನಿಂದ ಅವಳು ಧಾರವಾಡದ ಹೆಸರನ್ನು, ಮದುವೆಯಾದ ಹೆಣ್ಣುಮಕ್ಕಳು ತವರಿನ ಹೆಸರು ಹೇಳುವ ದನಿಯಲ್ಲಿ ಹೇಳತೊಡಗಿದಳು.

ರೈತರು ಬಂದಾಗ ಆಚಾರ್ ಸರ್ ಎಂದಿನಂತೆ, "ಇದಕ್ಕ ಮತ್ತ..." ಎಂದು ಆಕಾಶ ನೋಡಿದರು. ರೇಖಾ ಅವರನ್ನು ಪಕ್ಕಕ್ಕೆ ಕರೆದು, "ಸರ, ನೀವು ಒಳಗ ಹೋಗ್ರಿ. ನೀವು ಇಲ್ಲಿ ನಿಂತ್ರ ಚೌಕಾಸಿ ಭಾಳ ಆಗತೈತಿ" ಎಂದಳು. ಶಿಷ್ಯೆಯ ಆಜ್ಞೆಯಂತೆ ಅವರು ಒಳಗೆ ಹೋಗಿ ಕಿಟಕಿಯಿಂದ ನೋಡಿದರು. ಅವಳು ಕಣ್ಣು ತಗ್ಗಿಸದೆ ದರ ಹೇಳಿದಳು, ರೈತರು ಕೊಂಡರು. ಆಚಾರ್ ಸರ್ ನನ್ನ ಕಡೆ ತಿರುಗಿ, "ನೋಡಿದ್ರ್ಯಾ ಮಾಸ್ತರ? ನಮ್ಮ ಮನಿತನದಾಗ ಯಾರಿಗೂ ಬರದ ವಿದ್ಯಾ ನಾ ಕಲಿಸೀನಿ" ಎಂದರು.

ಆ ವರ್ಷದ ಕೊನೆಗೆ ಹಾನಗಲ್ಲಿನಲ್ಲಿ ಶಾಲಾ ಮಕ್ಕಳ ಉದ್ಯಮ ಪ್ರದರ್ಶನವಾಯಿತು. ರೇಖಾಳ ಸಸಿಗಳಿಗೆ ಬಹುಮಾನ ಬಂತು. ಶಾಲು ಹೊದ್ದ ಮುಖ್ಯ ಅತಿಥಿಗಳು, "ಮಕ್ಕಳೇ, ನೌಕರಿ ಬೇಡುವವರಾಗಬೇಡಿ, ನೌಕರಿ ಕೊಡುವವರಾಗಿ" ಎಂದು ಸುದೀರ್ಘವಾಗಿ ಅಪ್ಪಣೆ ಕೊಡಿಸಿದರು. ನಾನು ನನ್ನ ಸೇವಾವಧಿಯಲ್ಲಿ ಲೆಕ್ಕವಿಲ್ಲದಷ್ಟು ಭಾಷಣ ಕೇಳಿದ್ದೇನೆ. ಅವುಗಳಲ್ಲಿ ಕೇಳುಗನೊಬ್ಬ ಅಕ್ಷರಶಃ ಪಾಲಿಸಿದ್ದು ಇದೊಂದನ್ನೇ. ಆ ಕೇಳುಗ ರೇಖಾಳ ಅಪ್ಪ ಫಕೀರಪ್ಪ. ಮುಂದಿನ ಸಾಲಿನಲ್ಲಿ ಕೂತು ಬಾಯಿ ತೆರೆದು ಕೇಳುತ್ತಿದ್ದ.

ಮರುವರ್ಷ, ಹತ್ತನೆಯ ತರಗತಿ. ದಸರಾ ರಜೆ ಮುಗಿದು ಶಾಲೆ ತೆರೆಯಿತು, ರೇಖಾ ಬರಲಿಲ್ಲ. ಹಬ್ಬಕ್ಕೆ ಹೋದವಳು ಬರುತ್ತಾಳೆಂದು ಒಂದು ವಾರ ಕಾದೆವು. ಆಮೇಲೆ ಹಿರೇಕೆರೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಹೆಡ್‌ಮಾಸ್ತರರ ಕಣ್ಣಿಗೆ ರಸ್ತೆ ಪಕ್ಕದ ಹಸಿರು ನೆರಳುಪರದೆಯೂ, ಅದರ ಮುಂದೆ 'ರೇಖಾ ನರ್ಸರಿ' ಎಂಬ ಬೋರ್ಡೂ ಬಿದ್ದವು.

ಆಚಾರ್ ಸರ್ ನನ್ನನ್ನೂ ಕರೆದುಕೊಂಡು ಹೋದರು. ಫಕೀರಪ್ಪ ನಮ್ಮನ್ನು ಕಂಡು, ಹೆಂಡತಿಯನ್ನೂ ಕೂಗುತ್ತ ಓಡಿ ಬಂದ. "ಬರ್ರಿ ಸರ, ಕುಂದರ್ರಿ. ಏ ಶಾಂತಾ, ಚಾ ಇಡು, ಆಚಾರ್ ಸರ್ ಬಂದಾರ. ಇದೆಲ್ಲಾ ನಿಮ್ಮ ಆಶೀರ್ವಾದರಿ ಸರ." ಜಗಳಕ್ಕೆ ಸಿದ್ಧರಾಗಿ ಹೋದವರಿಗೆ ಇದಕ್ಕಿಂತ ಕೆಟ್ಟ ಸ್ವಾಗತವಿಲ್ಲ.

"ಫಕೀರಪ್ಪ, ಹುಡುಗಿ ಸಾಲಿಗೆ ಬರವಲ್ಲಳು" ಎಂದರು ಆಚಾರ್ ಸರ್.

"ಸಾಲಿ ಕಲಿಯೂದು ಯಾತಕ್ಕರಿ ಸರ? ಇದಕ್ಕ, ಹೌದಲ್ರಿ? ಹಾನಗಲ್ಲದಾಗ ಆ ಸಾಹೇಬರು ಹೇಳಲಿಲ್ಲೇನ್ರಿ, ನೌಕರಿ ಕೊಡೋರಾಗ್ರಿ ಅಂತ? ನೋಡ್ರಿ ಅಲ್ಲಿ, ಇಬ್ಬರು ಹೆಣ್ಣಾಳು ಅದಾರ. ಅವರಿಗೆ ಕೆಲಸಾ ಹೇಳಾಕಿ ನಿಮ್ಮ ರೇಖಾನ."

"ಅವರು ಹೇಳಿದ್ದು ಕಲತ ಮ್ಯಾಲಪಾ."

"ಹಂಗ ಹೇಳಲಿಲ್ರಿ. ನಾ ಮುಂದ ಕುಂತಿದ್ದೆ."

ನಾನು ಭಾಷಣವನ್ನು ನೆನಪಿಸಿಕೊಂಡೆ. ಫಕೀರಪ್ಪ ಹೇಳಿದ್ದೇ ಸರಿ.

"ಹುಡುಗಿಗೆ ಧಾರವಾಡಕ್ಕ ಹೋಗಿ ಕಲೀಬೇಕಂತ ಆಶಾ ಅದ. ಎಲಿ ಯಾಕ ಮುರುಟತದ ಅಂತ ಕೇಳ್ತಾಳ."

"ಎಲಿ ಮುರುಟಿದ್ರ ಔಷಧ ಹೊಡೀತೇವ್ರಿ. ಅದಕ್ಕ ಧಾರವಾಡ ಯಾಕ ಬೇಕ್ರಿ? ಅಲ್ಲಿ ಹೋಗಿ ಕಲತು ಬಂದು ಮತ್ತ ಮಾಡೂದು ಏನ್ರಿ, ಇದನ್ನ ಅಲ್ಲೇನ್ರಿ?"

ಇದಕ್ಕೆ ಉತ್ತರ ಇತ್ತು. ತರಬೇತಿಯಲ್ಲಿ ನಮಗೆ ಕೊಟ್ಟಿರಲಿಲ್ಲ. ಆಚಾರ್ ಸರ್ ಚಹಾದ ಕಪ್ಪು ಕೆಳಗಿಟ್ಟು, ಎರಡೂ ಕೈ ಒಡ್ಡಿದರು. ಅವರ ಅಜ್ಜ ಎಂದೂ ಒಡ್ಡದಿದ್ದ ಕೈ.

"ಹಂಗಾದ್ರ ಹಿಂಗ ತಿಳಕೋ. ಮಾರ್ಚ್ ತನಕಾ ಅಷ್ಟ ಸಾಲಿಗೆ ಕಳಸು. ನಿನ್ನ ತೂಕದಾಗ ಏನೂ ಕಡಿಮಿ ಮಾಡಬ್ಯಾಡ. ಇದನ್ನ ಕೊಸರು ಕೇಳ್ಲಿಕ್ಕತ್ತೀನಿ."

ಫಕೀರಪ್ಪನ ಕಣ್ಣಲ್ಲಿ ನೀರೇ ಬಂತು. ಆದರೆ ನೀರು ಬಂದದ್ದು ಬೇರೆ ಕಾರಣಕ್ಕೆ. "ಕೊಸರು ಗಿರಾಕಿ ಕೇಳೂದ್ರಿ ಸರ. ನೀವು ಗಿರಾಕಿ ಏನ್ರಿ? ನೀವು ಮನಿ ಮಂದಿ. ಮನಿ ಮಂದಿ ಎಲ್ಲೆರೆ ಕೊಸರು ಕೇಳತಾರನ್ರಿ?" ಎಂದು ಅವರ ಒಡ್ಡಿದ ಕೈಗಳನ್ನು ಹಿಡಿದು, ಮೆಲ್ಲಗೆ ಮಡಿಚಿ, ಅವರ ತೊಡೆಯ ಮೇಲೆಯೇ ಇಟ್ಟ. ಆಮೇಲೆ ಚುರುಮುರಿ ತರಲು ಒಳಗೆ ಹೋದ.

ಪರದೆಯ ಒಳಗಿಂದ ರೇಖಾ ಬಂದಳು. ಕೈಯೆಲ್ಲ ಮಣ್ಣು. "ಸರ, ಸಾಲಿಗೆ ಹೋಗತೇನಂತ ನಾನೂ ಅಪ್ಪಗ ಕೇಳೇನಿ. ಅಪ್ಪ ಬೈಯಂಗಿಲ್ಲ, ನಗತಾನ. ಬೈದಿದ್ರ ಜಗಳಾರ ಮಾಡತಿದ್ದೆ" ಎಂದಳು.

ಆಚಾರ್ ಸರ್ ಸಾಲು ಟ್ರೇಗಳ ಕಡೆ ತಿರುಗಿದರು. ಆಮೇಲೆ, ಒಂದು ಗೇಣು ಹೊಲವೂ ಇಲ್ಲದ ಆ ಮನುಷ್ಯ, "ಒಂದು ಟ್ರೇ ಟೊಮೆಟೊ ಸಸಿ ಕೊಡವಾ. ಇದಕ್ಕ ಮತ್ತ..." ಎಂದು ಪರದೆಯ ಮೇಲಿನ ಆಕಾಶ ನೋಡಿದರು. ರೇಖಾ ಕಣ್ಣು ತಗ್ಗಿಸದೆ ದರ ಹೇಳಿದಳು, ರೊಕ್ಕ ತೆಗೆದುಕೊಂಡಳು. ಒದ್ದೆ ಗೋಣಿ ಸುತ್ತಿದಳು. ಮೇಲೆ ಒಂದು ಹಿಡಿ ಸಸಿ ಇಟ್ಟಳು, ಇನ್ನೊಂದು ಹಿಡಿ ಇಟ್ಟಳು, ಮತ್ತೂ ಇಡುತ್ತಲೇ ಇದ್ದಳು. ಚುರುಮುರಿ ತಂದ ಫಕೀರಪ್ಪ ನಕ್ಕು, "ಏ ಹುಚ್ಚಿ, ಇಷ್ಟು ಕೊಸರು ಹಾಕಿದ್ರ ಅಂಗಡಿ ಉಳಿತೈತನ?" ಎಂದ.

"ಕೊಸರಿನ್ಯಾಗ ಲೆಕ್ಕ ಇಡಬಾರದಪ್ಪ" ಎಂದಳು ಅವಳು.

ಆಚಾರ್ ಸರ್ ಅಷ್ಟಕ್ಕೆ ಬಿಡಲಿಲ್ಲ. ಮತ್ತೆ ಮತ್ತೆ ಹೋದರು, ಪ್ರತಿ ಸಲವೂ ಚಹಾ ಕುಡಿದು, ಒಂದು ಟ್ರೇ ಸಸಿ ಕೊಂಡು ಬಂದರು. ಮೇಲಿನವರನ್ನು ಕೇಳಿದರು, ಹುಡುಗಿ ಕಡ್ಡಾಯ ಶಿಕ್ಷಣದ ವಯಸ್ಸು ದಾಟಿದ್ದಾಳೆ, ಒತ್ತಾಯ ಮಾಡಲಾಗದು ಎಂಬ ಉತ್ತರ ಬಂತು. ಅದರ ಬೆನ್ನಿಗೇ ಇನ್ನೊಬ್ಬ ಅಧಿಕಾರಿಯ ಫೋನು ಬಂತು. "ನಿಮ್ಮ ವಿದ್ಯಾರ್ಥಿನಿ ಸ್ವಂತ ನರ್ಸರಿ ಹಾಕ್ಯಾಳಂತಲ್ರಿ? ಅಭಿನಂದನೆ. ಒಂದು ಫೋಟೋ ಕಳಸ್ರಿ, ಯಶೋಗಾಥೆಯೊಳಗ ಹಾಕೋಣ." ಆಚಾರ್ ಸರ್ ಫೋನನ್ನು ಕಿವಿಯಿಂದ ದೂರ ಹಿಡಿದು, ಅದರೊಳಗೆ ಯಾರಿದ್ದಾರೆಂದು ಹುಡುಕುವವರಂತೆ ನೋಡಿದರು. ಫೋಟೋ ಕೊನೆಗೆ ಹೆಡ್‌ಮಾಸ್ತರು ಕಳಿಸಿದರು. ಅದರಲ್ಲಿ ರೇಖಾ ನಕ್ಕಿದ್ದಾಳೆ. ಫೋಟೋದವರು ನಗಬೇಕೆಂದು ಹೇಳಿದ್ದರು.

ಜನವರಿಯಲ್ಲಿ ಆಚಾರ್ ಸರ್ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ನಾವು ಅವರನ್ನು ಉದ್ಯಮಶೀಲತೆಯ ಹರಿಕಾರರೆಂದು ಹೊಗಳಿದೆವು. ಅವರು ಉತ್ತರಿಸಲು ಎದ್ದು, "ನಾ ಕಲಿಸಿದ್ದು ಆಕಿ ಚಂದಾಗಿ ಕಲತಳು" ಎಂದಷ್ಟೇ ಹೇಳಿ ಕೂತರು. ಸಭೆ ಚಪ್ಪಾಳೆ ತಟ್ಟಿತು. ಮರುದಿನ ಕೊನೆಯ ಟ್ರೇ ಸಸಿ ಹಿಡಿದು ಹಾನಗಲ್, ಶಿಗ್ಗಾವಿಗಳಲ್ಲಿ ಬಸ್ಸು ಬದಲಿಸಿ ಸವಣೂರು ಸೇರಿಕೊಂಡರು.

ಅವರನ್ನು ನಾನು ಕೊನೆಯ ಸಲ ಕಂಡದ್ದು ಏಪ್ರಿಲ್‌ನಲ್ಲಿ, ಹತ್ತನೆಯ ತರಗತಿಯ ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಸವಣೂರಿನ ಅವರ ಮನೆಯಲ್ಲಿ. ಹಿತ್ತಲ ತುಂಬ ಒಡೆದ ಬಕೆಟ್ಟು, ಎಣ್ಣೆ ಡಬ್ಬಿ, ಹಳೆಯ ಹಂಡೆ, ಎಲ್ಲದರಲ್ಲೂ ಟೊಮೆಟೊ. ಓಣಿಯವರೆಲ್ಲ ಬಂದು ಒಯ್ಯುತ್ತಿದ್ದರು. ಯಾರ ಹತ್ತಿರವೂ ರೊಕ್ಕ ಕೇಳುವ ಪ್ರಶ್ನೆ ಇರಲಿಲ್ಲ. ನಾವು ಹೆಡ್‌ಮಾಸ್ತರರ ಮೊಣಕಾಲು, ನನ್ನ ಹಳಗನ್ನಡ, ಸವಣೂರಿನ ವೀಳ್ಯದೆಲೆಯ ರುಚಿ ಎಲ್ಲ ಮಾತಾಡಿದೆವು. ಒಂದು ಗಿಡದ ತುದಿ ಎಲೆಗಳು ಮುರುಟಿಕೊಂಡಿದ್ದವು. ಅವರು ಅದನ್ನು ಬೆರಳಲ್ಲಿ ಬಿಡಿಸಿ ನೋಡಿದರು, ಬಿಟ್ಟ ಕೂಡಲೇ ಮತ್ತೆ ಮುರುಟಿತು.

ಹೊರಟಾಗ ನನ್ನ ಚೀಲದ ತುಂಬ ಟೊಮೆಟೊ ಹಾಕಿದರು. ಬಾಗಿಲ ತನಕ ಬಂದು, ಮೇಲೆ ಇನ್ನೊಂದು ಹಿಡಿ ಹಾಕಿದರು.

"ಮಾಸ್ತರ, ಪರೀಕ್ಷಾಕ್ಕ ಮತ್ತ..." ಎಂದು ಆಕಾಶ ನೋಡುತ್ತ ನಿಂತರು.

ರೇಖಾ ಪರೀಕ್ಷೆಗೆ ಬಂದಿರಲಿಲ್ಲ.